ನಾಲ್ಕನೇ ಟೇಬಲ್ಲಿನ ಎತ್ತು

ಹುಲಿಗೇಶನ ಬಾರಿನಲ್ಲಿ ನಾಲ್ಕನೇ ನಂಬರಿನ ಟೇಬಲ್ಲು ಖಾಲಿ ಬಿದ್ದು ಎಂಟು ದಿನವಾಗಿತ್ತು. ಫ್ಯಾನಿನ ನೇರ ಕೆಳಗಿನ ಟೇಬಲ್ಲು ಅದು, ಕಿಟಕಿಯೂ ಪಕ್ಕದಲ್ಲೇ. ಆ ಜಾಗಕ್ಕಾಗಿ ಬೀಗರು ಬೀಗರೇ ಮುಖ ತಿರುಗಿಸಿಕೊಂಡು ಎದ್ದು ಹೋದದ್ದುಂಟು. ಈಗ ನೋಡಿದರೆ ಬಂದವರೆಲ್ಲ ಅತ್ತ ಒಮ್ಮೆ ಕಣ್ಣು ಹಾಯಿಸಿ, ಗೋಡೆಯ ಮೇಲಿನ ಚಿತ್ರ ನೋಡಿ, ಬೇರೆಲ್ಲೂ ಜಾಗವಿಲ್ಲದಿದ್ದರೆ ನಿಂತುಕೊಂಡೇ ಕುಡಿದು ಹೋಗುತ್ತಿದ್ದರು. ಹುಲಿಗೇಶ ತಡೆಯಲಾರದೆ ಚಿತ್ರ ಬರೆದ ಸುಶ್ಮಿತಾಳಿಗೆ ಫೋನು ಹಚ್ಚಿದ.

"ತಂಗಿ, ಸಾಲಿ ಬಿಟ್ಟ ಕೂಡ್ಲೆ ಒಂದ್ ಸಲ ಬಂದ್ ಹೋಗು. ನಿನ್ನ ಎತ್ತು ಮಂದಿನ್ನ ಹಾಯಾಕತ್ತೈತಿ."

ಬಾರಿನಲ್ಲಿ ಚಿತ್ರಕ್ಕೇನು ಕೆಲಸ ಎಂದು ಕೇಳುವವರಿಗೆ ಹುಲಿಗೇಶನ ಉತ್ತರ ಸಿದ್ಧವಿತ್ತು. ಅವನೂ ಒಂದು ಕಾಲಕ್ಕೆ ಚಿತ್ರಕಲೆ ಕಲಿಯಲು ಹೋದವನೇ. ಎರಡು ವರ್ಷ ಬಣ್ಣ ಕಲಸಿ, ಮೂರನೆಯ ವರ್ಷಕ್ಕೆ ಅಣ್ಣನ ಬಾರು ತಲೆಗೆ ಬಂದು, ಕುಂಚ ಬಿಟ್ಟು ಗಲ್ಲೆಯ ಮೇಲೆ ಕೂತ. ಜೊತೆಗೆ ಓದಿದವರು ಬರೆಯುತ್ತಲೇ ಇದ್ದರು. ಬಾಡಿಗೆ ಕೊಟ್ಟು ಹಾಲ್ ಹಿಡಿದು ಪ್ರದರ್ಶನ ಇಟ್ಟರೆ ನೋಡಲು ಬರುತ್ತಿದ್ದವರೂ ಅವರವರೇ, ಒಬ್ಬರ ಚಿತ್ರವನ್ನು ಇನ್ನೊಬ್ಬರು ಹೊಗಳಿ ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಇದನ್ನು ನೋಡಿ ನೋಡಿ ಹುಲಿಗೇಶ ಒಂದು ದಿನ ತನ್ನ ಬಾರಿನ ಕ್ಯಾಲೆಂಡರು, ಕಂಪನಿಗಳ ಜಾಹೀರಾತು ಎಲ್ಲ ಕಿತ್ತೊಗೆದು ಗೋಡೆಗೆ ಬಿಳಿ ಸುಣ್ಣ ಹೊಡೆಸಿದ. "ಇಲ್ಲಿ ದಿನಾ ನೂರೈವತ್ತು ಮಂದಿ ಬರ್ತಾರ, ಎರಡೆರಡು ತಾಸು ಗ್ವಾಡಿ ನೋಡ್ಕೊಂತ ಕುಂಡ್ರತಾರ. ಇಂಥಾ ಪ್ರದರ್ಶನ ಯಾವ ಊರಾಗ ಐತಿ ಹೇಳ್ರಿ" ಎಂದು ಎಲ್ಲರಿಗೂ ಸವಾಲು ಹಾಕಿದ. ತಿಂಗಳಿಗೆ ಒಬ್ಬರ ಚಿತ್ರ. ಬೆಟಗೇರಿಯ ಆ ಬೀದಿಯಲ್ಲಿ ಅದನ್ನು ಈಗ ಬಾರು ಅಂತಲೂ ಕರೆಯುತ್ತಾರೆ, ಗ್ಯಾಲರಿ ಅಂತಲೂ ಕರೆಯುತ್ತಾರೆ. ಮನೆಯಲ್ಲಿ ಹೆಂಡತಿಗೆ ಹೇಳಿ ಬರುವಾಗ ಮಾತ್ರ ಎಲ್ಲರೂ ಗ್ಯಾಲರಿ ಎನ್ನುತ್ತಾರೆ.

ಕುಡಿಯುವವರು ಬಹಳ ಕಟುವಾದ ವಿಮರ್ಶಕರು. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಎಂದು ಮುಖದ ಮೇಲೆಯೇ ಹೇಳುತ್ತಾರೆ. ಸುಶ್ಮಿತಾಳಿಗೆ ಹಿಡಿಸಿದ್ದು ಇದೇ. ಬೆಟಗೇರಿಯ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರು ಅವಳು. ಇಪ್ಪತ್ತಾರು ವರ್ಷ, ಮಾತಿನಲ್ಲಿ ಯಾರಿಗೂ ಸೋಲದವಳು. ಹುಲಿಗೇಶ ಕೇಳಿದಾಗ ಎರಡನೆಯ ಮಾತಿಲ್ಲದೆ ಒಪ್ಪಿದ್ದಳು. ಚಿತ್ರ ತೂಗುಹಾಕಲು ಮೊದಲ ದಿನ ಒಳಗೆ ಕಾಲಿಟ್ಟಾಗ ಇಡೀ ಬಾರು ಉಸಿರು ಬಿಗಿಹಿಡಿದು ಕೂತಿತ್ತು. ಎರಡನೆಯ ದಿನ ಇಬ್ಬರು ಎದ್ದು ಏಣಿ ಹಿಡಿದರು. ಮೂರನೆಯ ದಿನ ಒಬ್ಬ ತನ್ನ ಮೊಮ್ಮಗಳ ಫೋಟೋ ತಂದು ಇದರಂತೆ ಬರೆದು ಕೊಡುತ್ತೀಯಾ ಎಂದು ಕೇಳಿದ. ಹಾಗಾಗಿ ಅವತ್ತು ಸಂಜೆ ಶಾಲೆ ಬಿಟ್ಟು ಬಂದವಳು ನೇರ ಒಳಗೆ ನಡೆದು ಗಲ್ಲೆಯ ಮುಂದೆ ನಿಂತು ಏನು ವಿಷಯ ಎಂದಳು.

ಉತ್ತರ ಹೇಳಿದ್ದು ಹುಲಿಗೇಶನಲ್ಲ, ಮೂಲೆಯಲ್ಲಿ ಕೂತಿದ್ದ ಹೊಂಬಳದ ಅರ್ಜುನ. ಐವತ್ತು ದಾಟಿದ ರೈತ ಅವನು. ಜೋಳ, ಶೇಂಗಾ ಬೆಳೆಯುವುದು ಕಸುಬು, ಎತ್ತು ಕೊಂಡು ಮಾರುವುದು ಖಯಾಲಿ. ಮನೆಯಲ್ಲಿ ಎರಡು ಟ್ರ್ಯಾಕ್ಟರ್ ಇದ್ದರೂ ಎತ್ತಿನ ಮಾತು ಬಂದರೆ ಊಟ ಬಿಟ್ಟು ಏಳುವ ಮನುಷ್ಯ.

"ತಂಗಿ, ಚಿತ್ರ ಭಾಳ ಛಲೋ ಐತಿ. ಖರೆ ಹೇಳಬೇಕಂದ್ರ ಈಗ ಬಾಲ ಬೀಸತೈತೇನೋ ಅನ್ನಸ್ತೈತಿ. ಆದ್ರ ಅದರ ಕೊಳ್ಳಾಗ ಏನ್ ಬರದೀ ನೋಡು."

ಸುಶ್ಮಿತಾ ನೋಡಿದಳು. ಬೇವಿನ ಮರದ ಕೆಳಗೆ ಆಗಷ್ಟೇ ಮೈ ತೊಳೆಸಿಕೊಂಡು ನಿಂತ ಬಿಳಿ ಎತ್ತು. ಕೊರಳ ಎಡಬದಿಗೆ, ಕಿವಿಯಿಂದ ಒಂದು ಗೇಣು ಕೆಳಗೆ ಒದ್ದೆ ಕೂದಲು ಸುತ್ತಿಕೊಂಡಿತ್ತು.

"ಕೂದಲ್ರಿ ಕಾಕಾ. ಅಲ್ಲಿ ಹಂಗ ತಿರುಗಿ ಕುಂತಿದ್ವು, ಹಂಗ ಬರದೀನಿ."

"ಅದು ಸುಳಿ ಐತಿ ನಮ್ಮವ್ವಾ. ಕೊಳ್ಳಾಗಿನ ಒಂಟಿ ಸುಳಿ. ಅಂಥಾ ಎತ್ತು ಕಟ್ಟಿದ ಮನಿ ಏಳಿಗಿ ಆಗಂಗಿಲ್ಲ. ಅದರ ಕೆಳಗ ಕುಂತು ಯಾಂವ ಉಣ್ತಾನ?"

ದನ ಕೊಳ್ಳುವವರು ಹಲ್ಲು ನೋಡುತ್ತಾರೆ, ಗೊರಸು ನೋಡುತ್ತಾರೆ, ನಡಿಗೆ ನೋಡುತ್ತಾರೆ, ಕಡೆಗೆ ಮೈಮೇಲಿನ ಸುಳಿ ನೋಡುತ್ತಾರೆ. ಯಾವ ಸುಳಿ ಎಲ್ಲಿದ್ದರೆ ಒಳ್ಳೆಯದು, ಎಲ್ಲಿದ್ದರೆ ಕೆಟ್ಟದ್ದು ಎಂಬ ಲೆಕ್ಕ ಈ ಸೀಮೆಯ ಗಂಡಸರಿಗೆ ಬಾಯಿಪಾಠ. ಹೆಣ್ಣುಮಕ್ಕಳು ಮೇವು ಹಾಕುತ್ತಾರೆ, ಸಗಣಿ ಬಳಿಯುತ್ತಾರೆ, ಹಾಲು ಹಿಂಡುತ್ತಾರೆ, ಆದರೆ ಸುಳಿಯ ವಿದ್ಯೆ ಮಾತ್ರ ಅವರ ಹತ್ತಿರ ಸುಳಿಯುವುದಿಲ್ಲ. ಸುಶ್ಮಿತಾ ಯಳವತ್ತಿಯಲ್ಲಿ ಎತ್ತುಗಳ ನಡುವೆಯೇ ಬೆಳೆದವಳು. ಆದರೂ ತಾನು ಬರೆದದ್ದು ಏನೆಂದು ಅವಳಿಗೆ ಗೊತ್ತಿರಲಿಲ್ಲ.

"ಯಾರ ಎತ್ತು ಇದು?" ಎಂದ ಅರ್ಜುನ.

"ನಮ್ಮದ."

ಬಾರಿಗೆ ಬಾರೇ ನಕ್ಕಿತು. ಅರ್ಜುನನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಮುದಕಪ್ಪನ ಮನ್ಯಾಗ ಕೊಳ್ಳಸುಳಿ ಎತ್ತಾ? ಏ ತಂಗಿ, ನಿಮ್ಮಪ್ಪ ಒಮ್ಮಿ ಕಣ್ಣು ಹಾಯಿಸಿ ಹೂಂ ಅಂದ್ರ ನಾವು ಹಲ್ಲು ಸುದ್ದಾ ಎಣಸಂಗಿಲ್ಲ. ನಮ್ಮೂರಾಗಿನ ಅರ್ಧ ಎತ್ತು ಅಂವ ಆರಿಸಿದ್ದು. ನನ್ನ ಈಗಿನ ಜೋಡಿನೂ ಅವಂದ ಆರಿಕಿ. ನೀ ಬರಿಯಾಕ ಕಲ್ತಿ ಖರೆ, ನೋಡಾಕ ಕಲ್ತಿಲ್ಲ."

ಕಡೆಯ ಮಾತು ಸುಶ್ಮಿತಾಳಿಗೆ ಚುರುಕ್ಕೆಂದಿತು. ಬಣ್ಣ ಸರಿಯಿಲ್ಲ ಎಂದಿದ್ದರೆ, ಕಾಲು ಸೊಟ್ಟಗಿದೆ ಎಂದಿದ್ದರೆ ನಕ್ಕು ಬಿಡುತ್ತಿದ್ದಳು. ನೋಡಲು ಬರುವುದಿಲ್ಲ ಎನ್ನುವುದೆಂದರೇನು? ಅವಳ ಮೂಗಿನ ತುದಿ ಕೆಂಪಾಯಿತು.

"ನಾ ಇದ್ದದ್ದ ಬರದೀನ್ರಿ ಕಾಕಾ. ಬರೋ ಸಂತಿ ದಿನ ಅಪ್ಪನ್ನ ಇಲ್ಲೇ ಕರಸ್ತೀನಿ. ಅವನ ಬಾಯಿಲೆ ಕೇಳ್ರಿ."

"ಆತು ತಗೋ. ಮುದಕಪ್ಪ ಹೇಳಿದ್ದ ಅಖೈರು" ಎಂದ ಅರ್ಜುನ. ಹುಲಿಗೇಶ ಗಲ್ಲೆಯ ಹಿಂದಿನಿಂದ ಬೇಡ ಬೇಡ ಎಂದು ಕೈಸನ್ನೆ ಮಾಡುತ್ತಿದ್ದ. ಅವಳು ಅತ್ತ ನೋಡಲಿಲ್ಲ.

ಭಾನುವಾರ ಮೊದಲ ಬಸ್ಸಿಗೆ ಯಳವತ್ತಿಗೆ ಹೋದಳು. ಮನೆಯೊಳಗೂ ಹೋಗದೆ, ಚೀಲವನ್ನು ಕಟ್ಟೆಯ ಮೇಲೆ ಎಸೆದು ನೇರ ದನದ ಕೊಟ್ಟಿಗೆಗೆ ನಡೆದಳು. ಚಿತ್ರದ ಎತ್ತು ಬೆಳ್ಳ್ಯಾ ಮೇವು ಮೆಲ್ಲುತ್ತ ನಿಂತಿತ್ತು. ಕೊರಳಿಗೆ ನಾಲ್ಕು ಬೆರಳು ಅಗಲದ ತೊಗಲಿನ ಪಟ್ಟಿ, ಪಟ್ಟಿಯ ತುಂಬ ಹಿತ್ತಾಳೆ ಗೆಜ್ಜೆ. ಬೇಸಿಗೆ ರಜೆಯಲ್ಲಿ ಅವಳು ಮಾಳಿಗೆಯ ಮೇಲೆ ಕೂತು ಚಿತ್ರ ಬರೆದುಕೊಂಡ ದಿನ ಅಪ್ಪ ಎತ್ತಿನ ಮೈ ತೊಳೆಯುತ್ತಿದ್ದ, ಪಟ್ಟಿ ಬಿಚ್ಚಿ ಬೇವಿನ ಕೊಂಬೆಗೆ ಹಾಕಿದ್ದ. ಈಗ ಅವಳೇ ಗಂಟು ಸಡಿಲಿಸಿ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದಳು. ಸುಳಿ ಇತ್ತು. ಅವಳು ಬರೆದ ಜಾಗದಲ್ಲೇ, ಬರೆದ ಹಾಗೆಯೇ, ಎಡದಿಂದ ಬಲಕ್ಕೆ ಸುತ್ತಿಕೊಂಡು ಕೂತಿತ್ತು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

"ಅದನ್ಯಾಕ ಬಿಚ್ಚಿದಿ?"

ಮುದಕಪ್ಪ ಬಾಗಿಲಲ್ಲಿ ನಿಂತಿದ್ದ. ಅವಳು ಖುಷಿಯ ಭರದಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು: ಬಾರು, ಗೋಡೆ, ಖಾಲಿ ಟೇಬಲ್ಲು, ಅರ್ಜುನನ ನಗು, ಸಂತೆಯ ದಿನದ ಪಂಥ. ಹೇಳುತ್ತ ಹೋದಂತೆ ಅಪ್ಪನ ಮುಖ ಇಳಿಯುತ್ತ ಹೋಯಿತು. ಕಡೆಗೆ ಅವನು ಗೋದಲಿಯ ಅಂಚಿನ ಮೇಲೆ ಕೂತುಬಿಟ್ಟ. ಆಗ ಅವಳಿಗೆ ತಾನು ಏನು ಮಾಡಿಕೊಂಡು ಬಂದಿದ್ದೇನೆ ಎಂಬುದು ಹೊಳೆಯಿತು. ಸುಳಿ ನೋಡುವುದರಲ್ಲಿ ಹತ್ತೂರಿಗೆ ಹೆಸರಾದವನ ಮನೆಯಲ್ಲೇ ಕೆಟ್ಟ ಸುಳಿಯ ಎತ್ತಿದೆ ಎಂದು ದನದ ಮಂದಿಯೆಲ್ಲ ಬಂದು ಕೂಡುವ ಜಾಗದಲ್ಲಿ ತೂಗುಹಾಕಿ ಬಂದಿದ್ದಳು.

"ನಾಕ ವರ್ಷ ಆತು" ಎಂದ ಮುದಕಪ್ಪ. "ಮುಂಡರಗಿ ಸಂತ್ಯಾಗ ತಗೊಂಡೆ. ಎಲ್ಲಾ ನೋಡಿದೆ. ಪಟ್ಟಿ ಬಿಚ್ಚಪಾ ಅಂದೆ. ಹರಕಿ ಕಟ್ಟೇನ್ರಿ, ಮನಿಗೆ ಹೋಗಿ ಬಿಚ್ಚ್ರಿ, ಪಟ್ಟಿನೂ ನಿಮಗ ಇರ್ಲಿ ಅಂದ ಮಾರಾಂವ. ಎತ್ತಿನ ಮ್ಯಾಲ ನನ್ನ ಮನಸು ಕುಂತಬಿಟ್ಟಿತ್ತು. ಮತ್ತೊಮ್ಮೆ ಬಿಚ್ಚು ಅನ್ನಾಕ ಸಂಕೋಚ ಆತು. ಮನಿಗೆ ಬಂದು ಬಿಚ್ಚಿದೆ."

"ಮಾರಬಹುದಿತ್ತಲ್ಲಪ್ಪಾ?"

"ಪಟ್ಟಿ ಹಾಕಿ ಮಾರ್ಲೇನು? ನನಗ ಮಾಡಿದ್ದನ್ನ ನಾ ಇನ್ನೊಬ್ಬಗ ಮಾಡ್ಲೇನು? ಬಿಚ್ಚಿ ಮಾರಾಕ ಹೋದ್ರ ಮುದಕಪ್ಪ ಮೋಸ ಹೋದ ಅಂತ ಸಂತಿ ತುಂಬ ಸುದ್ದಿ. ಅದಕ್ಕ ಕಟ್ಟಿಕೊಂಡ ಕುಂತೇನಿ."

ರೊಟ್ಟಿ ಬಡಿಯುವುದನ್ನು ಬಿಟ್ಟು ಹಿಟ್ಟಿನ ಕೈಯಲ್ಲೇ ಎದ್ದು ಬಂದ ತಾಯಿ ಸುಮಿತ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾಕ ವರ್ಷದಾಗ ಏನ್ ಹಾಳಾಗೇತ್ರಿ ಈ ಮನಿ? ಶೇಂಗಾ ಬಂತು, ಹತ್ತಿ ಬಂತು, ಮಗಳಿಗೆ ನೌಕರಿ ಬಂತು. ಆ ಮೂಕಪ್ರಾಣಿ ಏನ್ ತಪ್ಪ ಮಾಡೇತಿ? ನಿಮಗ ಮರ್ಯಾದಿ ಚಿಂತಿ" ಎಂದು ತನ್ನ ಮಾತು ಹೇಳಿ ಮತ್ತೆ ಒಲೆಯ ಮುಂದೆ ಹೋಗಿ ಕೂತಳು. ಆ ಮನೆಯಲ್ಲಿ ಸರಿಯಾದ ಮಾತು ಆಡುವವಳು ಅವಳೊಬ್ಬಳೇ. ಅದನ್ನು ಕೇಳಿಸಿಕೊಳ್ಳುವ ರೂಢಿ ಮಾತ್ರ ಯಾರಿಗೂ ಇರಲಿಲ್ಲ.

ಮುದಕಪ್ಪ ಪಟ್ಟಿಯನ್ನು ಮೊದಲಿನ ಜಾಗಕ್ಕೆ ಎಳೆದು ಗಂಟು ಹಾಕಿದ. ಮಗಳ ಮುಖ ನೋಡದೆ ಹೇಳಿದ: "ಸುಶ್ಮಿ, ಒಂದ್ ಕೆಲಸ ಮಾಡು. ಅದನ್ನ ಒರಸಿಬಿಡು. ಇಲ್ಲಾ, ನಂದ ತಪ್ಪಾತು ಅಂತ ಹೇಳು. ಸಣ್ಣಾಕಿ, ಹೆಣ್ಣಮಗಳು, ಸುಳಿ ತಿಳಿಯಂಗಿಲ್ಲ ಅಂದ್ರ ಮಂದಿ ನಂಬ್ತಾರ."

"ನಂಬ್ತಾರ ಅಂತನ ನಾ ಹೇಳಂಗಿಲ್ಲಪ್ಪಾ" ಎಂದಳು ಸುಶ್ಮಿತಾ. "ನನಗಿರೋದು ಈ ನೋಟ ಒಂದ. ಅದು ಸುಳ್ಳು ಅಂತ ನಾನ ಹೇಳಿದ್ರ ಮುಂದ ಏನ್ ಬರೀಲಿ?"

"ನನಗೂ ಇರೋದು ಅದೊಂದ" ಎಂದ ಮುದಕಪ್ಪ.

ಊಟಕ್ಕೆ ಕೂತಾಗ ಇಬ್ಬರೂ ತಾಟು ನೋಡಿಕೊಂಡು ಉಂಡರು. ಸಂಜೆಯ ಬಸ್ಸಿಗೆ ಅವಳನ್ನು ಬಿಡಲು ಬಂದವನು ಸಂತೆಯ ದಿನ ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಬಸ್ಸು ಲಕ್ಷ್ಮೇಶ್ವರ ದಾಟುವವರೆಗೂ ಅವಳಿಗೆ ಅಪ್ಪನ ಮೇಲೆ ಸಿಟ್ಟೇ ಇತ್ತು. ಆಮೇಲೆ ತನ್ನ ಬಾಯಿಯ ಮೇಲೆ ಸಿಟ್ಟು ಬಂತು. ಪಂಥ ಕಟ್ಟೆಂದು ಇವಳನ್ನು ಯಾರು ಕೇಳಿದ್ದರು?

ಸಂತೆಯ ದಿನ ಅರ್ಧ ದಿನ ರಜೆ ಹಾಕಿ, ಬಣ್ಣದ ಪೆಟ್ಟಿಗೆ ಹಿಡಿದುಕೊಂಡು ಬಾರಿಗೆ ಬಂದಳು. ಇನ್ನೂ ಗಿರಾಕಿಗಳು ಬಂದಿರಲಿಲ್ಲ. ನೆಲ ಒರೆಸಿ ಆಗಿತ್ತು, ಒಳಗೆ ಗಿರಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚುವ ಸದ್ದು ಕೇಳುತ್ತಿತ್ತು. ಪೆಟ್ಟಿಗೆ ನೋಡಿ ಹುಲಿಗೇಶನಿಗೆ ಜೀವ ಬಂತು.

"ಒರಸ್ತೀಯಲ್ಲಾ? ಛಲೋ ಆತು ಬಿಡು. ಯಾರಿಗೂ ಹೇಳಂಗಿಲ್ಲ ನಾ."

ಅವಳು ನಾಲ್ಕನೇ ಟೇಬಲ್ಲಿನ ಕುರ್ಚಿ ಹತ್ತಿ ನಿಂತಳು. ಬೂದು ಬಿಳಿ ಕಲಸಿದಳು. ಎರಡು ಸಲ ಕುಂಚ ಎಳೆದರೆ ಮುಗಿಯುವ ಕೆಲಸ. ಎತ್ತು ಹಾಗೆಯೇ ಉಳಿಯುತ್ತದೆ, ಮರ ಹಾಗೆಯೇ ಉಳಿಯುತ್ತದೆ, ಅಪ್ಪನ ಹೆಸರೂ ಉಳಿಯುತ್ತದೆ. ಅಪ್ಪ ಗೋದಲಿಯ ಅಂಚಿನ ಮೇಲೆ ಕುಸಿದು ಕೂತದ್ದು ನೆನಪಾಗಿ ಕೈ ಚಾಚಿದಳು. ಕುಂಚ ಕ್ಯಾನ್ವಾಸಿಗೆ ತಾಗಲು ಕೂದಲಿನಷ್ಟು ಅಂತರವಿತ್ತು. ಆದರೆ ಇಷ್ಟು ಹತ್ತಿರದಿಂದ ನೋಡಿದಾಗ ಆ ಒದ್ದೆ ಕೂದಲು ಒಂದೊಂದನ್ನೂ ತಾನು ಎಷ್ಟು ಆಸ್ಥೆಯಿಂದ ಬರೆದಿದ್ದೇನೆ ಎಂಬುದು ಕಂಡಿತು. ಅದು ಅವಳ ಚಿತ್ರಗಳಲ್ಲೇ ಅತಿ ಒಳ್ಳೆಯ ಜಾಗ, ಅದರಲ್ಲಿ ಸಂಶಯವೇ ಇರಲಿಲ್ಲ.

ಕೆಳಗಿಳಿದು ಕುಂಚ ತೊಳೆದಳು.

"ಒರಸಂಗಿಲ್ಲ ಹುಲಿಗೇಶಣ್ಣ. ಅಪ್ಪ ಬಂದು ಸುಳಿ ಇಲ್ಲ ಅಂದ್ರ ನಾ ತುಟಿ ಪಿಟಕ್ ಅನ್ನಂಗಿಲ್ಲ. ಮಂದಿ ನಗ್ಲಿ. ಆದ್ರ ನನ್ನ ಕೈಲೆ ನಾ ಒರಸಂಗಿಲ್ಲ."

"ನಿನ್ನ ಮಾತಿನ ಮ್ಯಾಲ ನನ್ನ ಟೇಬಲ್ ನಿಂತೈತಿ ತಂಗಿ" ಎಂದು ಹುಲಿಗೇಶ ನಿಟ್ಟುಸಿರು ಬಿಟ್ಟ. ಆದರೂ ಚಿತ್ರ ತೆಗೆದುಬಿಡು ಎಂದು ಅವನ ಬಾಯಿಂದ ಬರಲಿಲ್ಲ. ಅದಕ್ಕೇ ಅವನ ಮೇಲೆ ಅವಳಿಗೆ ಅಷ್ಟು ಗೌರವ.

ಮಧ್ಯಾಹ್ನವಾಗುತ್ತಿದ್ದಂತೆ ಸಂತೆ ಬಾರಿನೊಳಗೆ ಇಳಿಯಿತು. ದೂಳು ಮೆತ್ತಿದ ಕಾಲು, ಹೆಗಲ ಮೇಲೆ ಹೊಸ ಹಗ್ಗ, ಕೊಂಡವರ ಗತ್ತು, ಮಾರಿದವರ ಬೇಸರ. ಅರ್ಜುನ ತನ್ನೂರಿನ ಆರೆಂಟು ಮಂದಿಯನ್ನು ಕಟ್ಟಿಕೊಂಡೇ ಬಂದಿದ್ದ. ಪಂಥದ ಸುದ್ದಿ ಸಂತೆಯಲ್ಲಿ ಓಡಾಡಿ, ಎಂದೂ ಬಾರಿಗೆ ಬಾರದವರೂ ಬಂದು ಗೋಡೆಗೆ ಒರಗಿ ನಿಂತಿದ್ದರು. ನಾಲ್ಕನೇ ಟೇಬಲ್ಲಿನ ಸುತ್ತ ಮಾತ್ರ ಒಂದು ಮಾರು ಜಾಗ ಬಿಟ್ಟಿದ್ದರು.

ಮುದಕಪ್ಪ ಬಂದ. ಹಣೆಗೆ ವಿಭೂತಿ, ತಲೆಗೆ ಬಿಳಿ ಪಟಗ. ಜನ್ಮದಲ್ಲಿ ಬಾರಿನ ಹೊಸ್ತಿಲು ತುಳಿಯದವನು ಬಾಗಿಲಲ್ಲಿ ಒಂದು ಕ್ಷಣ ತಡವರಿಸಿ, ಏನು ಮಾಡಬೇಕೆಂದು ತೋಚದೆ ಚಪ್ಪಲಿ ಕಳಚಿಟ್ಟ. "ಚಪ್ಪಲಿ ಇರ್ಲಿ ಬರ್ರಿ ಯಜಮಾನ್ರ" ಎಂದು ಹುಲಿಗೇಶ ಓಡಿಬಂದ. ಅಷ್ಟರಲ್ಲಿ ಅವನು ಬರಿಗಾಲಲ್ಲಿ ಒಳಗೆ ನಡೆದಾಗಿತ್ತು. ಯಾರಿಗೂ ನಮಸ್ಕಾರ ಹೇಳಲಿಲ್ಲ. ಮಗಳನ್ನೂ ನೋಡಲಿಲ್ಲ. ಚಿತ್ರದ ಮುಂದೆ ಹೋಗಿ ಕೈ ಬೆನ್ನ ಹಿಂದೆ ಕಟ್ಟಿ ನಿಂತ.

ಸಂತೆಯಲ್ಲಿ ಎತ್ತು ನೋಡುವಾಗ ಅವನು ಕೆಳಗಿನಿಂದ ಮೇಲೆ ನೋಡುತ್ತಾನೆ. ಇಲ್ಲಿಯೂ ಹಾಗೆಯೇ ಮಾಡಿದ. ಮೊದಲು ಗೊರಸು, ಆಮೇಲೆ ಮೊಣಕಾಲು, ಹೊಟ್ಟೆ, ಬೆನ್ನು. ಒಂದು ಹೆಜ್ಜೆ ಹಿಂದೆ ಸರಿದ, ಮತ್ತೆ ಮುಂದೆ ಬಂದ. ಮಗಳು ಬರೆಯುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಏನು ಬರೆಯುತ್ತಾಳೆ ಎಂದು ನಿಂತು ನೋಡಿದ್ದು ಇದೇ ಮೊದಲು.

"ಮುಂದಿನ ಎಡಗಾಲು" ಎಂದ ಮೆಲ್ಲಗೆ. "ಭಾರ ಬಿಟ್ಟು ನಿಂತೈತಿ."

"ಹೌದಪ್ಪಾ."

"ಹೋದ ವರ್ಷ ಮುಳ್ಳು ಮುರದಿತ್ತು. ಮಾದೈತಿ. ಆದ್ರೂ ಆ ಕಾಲಿಗೆ ಪೂರಾ ಭಾರ ಹಾಕಂಗಿಲ್ಲ. ಇದು ನನಗೊಬ್ಬಗ ಗೊತ್ತು ಅನ್ಕೊಂಡಿದ್ದೆ."

"ನನಗ ಮುಳ್ಳಿಂದು ಗೊತ್ತಿಲ್ಲ. ಹಂಗ ನಿಂತಿತ್ತು, ನೋಡಿದೆ."

ಮುದಕಪ್ಪ ತಲೆಯೆತ್ತಿ ಕೊರಳ ಹತ್ತಿರ ಬಂದ. ಬಹಳ ಹೊತ್ತು ಅಲ್ಲೇ ನಿಂತ. ಅರ್ಜುನನಿಗೆ ತಡೆಯಲಾಗಲಿಲ್ಲ.

"ಹೇಳಿಬಿಡು ಮುದಕಪ್ಪಣ್ಣ. ತಂಗಿ ತಪ್ಪು ಬರದಾಳ, ಹೌದಲ್ಲೋ? ಇರ್ಲಿ, ಹುಡುಗಿ. ನಾವೇನ್ ಬ್ಯಾಸರ ಮಾಡ್ಕೊಳ್ಳಂಗಿಲ್ಲ."

ಹೂಂ ಎಂದರೆ ಸಾಕಿತ್ತು. ಎಲ್ಲರೂ ಒಮ್ಮೆ ನಕ್ಕು, ಅವಳಿಗೊಂದು ಸಮಾಧಾನದ ಮಾತು ಹೇಳಿ, ತಮ್ಮ ತಮ್ಮ ಗ್ಲಾಸಿಗೆ ಮರಳುತ್ತಿದ್ದರು. ಸುಶ್ಮಿತಾ ತುಟಿ ಕಚ್ಚಿಕೊಂಡು ನೆಲ ನೋಡುತ್ತ ನಿಂತಳು. ಕೊಟ್ಟ ಮಾತಿನಂತೆ ಅವಳು ಬಾಯಿ ಬಿಡುವವಳಲ್ಲ. ಮುದಕಪ್ಪನೂ ಹಾಗೆ ಹೇಳಬೇಕೆಂದೇ ಯಳವತ್ತಿಯಿಂದ ಹೊರಟು ಬಂದಿದ್ದ. ಆದರೆ ನಲವತ್ತು ವರ್ಷ ಎತ್ತಿನ ಮುಂದೆ ನಿಂತು ಇದ್ದದ್ದನ್ನು ಇದೆ ಎಂದು, ಇಲ್ಲದ್ದನ್ನು ಇಲ್ಲ ಎಂದು ಹೇಳಿ ರೂಢಿಯಾದ ಬಾಯಿ ಅದು. ಗೊರಸಿನಿಂದ ಕೊರಳವರೆಗೆ ಒಂದು ಕೂದಲೂ ತಪ್ಪದ ಎತ್ತಿನ ಮುಂದೆ ನಿಂತು ಸುಳ್ಳು ಹೇಳಲು ಆ ಬಾಯಿ ಏಳಲಿಲ್ಲ.

"ಎತ್ತು ನಂದು" ಎಂದ. "ಸುಳಿ ಖರೆ. ಪಟ್ಟಿ ಬಿಚ್ಚಸಲಾರದ ತಗೊಂಡೆ, ಮೋಸ ಹೋದೆ. ನಾಕ ವರ್ಷ ಅದ ಪಟ್ಟಿ ಕಟ್ಟಿ ಮುಚ್ಚಿಟ್ಟೆ. ತಪ್ಪಿದಾಂವ ನಾನು. ಆಕಿ ತಪ್ಪಿಲ್ಲ."

ಯಾರೂ ನಗಲಿಲ್ಲ. ಸುಶ್ಮಿತಾ ತಲೆಯೆತ್ತಿ ಅಪ್ಪನನ್ನು ನೋಡಿದಳು. ಅವನ ಕುತ್ತಿಗೆಯ ನರ ಎದ್ದಿತ್ತು, ಬೆನ್ನು ಮಾತ್ರ ನೆಟ್ಟಗೇ ಇತ್ತು. ಅವಳಿಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ. ಅಷ್ಟು ಹೆದರಿಕೆಯೂ ಆಗಿರಲಿಲ್ಲ, ಏಕೆಂದರೆ ಅರ್ಜುನ ಗ್ಲಾಸು ಕೆಳಗಿಟ್ಟು ಎದ್ದು ನಿಂತಿದ್ದ.

"ಹಂಗಾದ್ರ ನನ್ನ ಜೋಡಿ?" ಎಂದ ಅರ್ಜುನ. ಅವನ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ. "ಅದನ್ನೂ ನೀನ ಆರಿಸಿದ್ದಿ. ನಮ್ಮೂರಾಗಿನ ಅರ್ಧ ಎತ್ತು ನೀನ ಆರಿಸಿದ್ದಿ. ಅದರಾಗೂ ನೀ ತಪ್ಪಿದ್ರ?"

"ತಪ್ಪಿರಬಹುದು" ಎಂದ ಮುದಕಪ್ಪ. "ನಾಳಿ ಮುಂಜಾನಿ ಹೊಂಬಳಕ್ಕ ಬರ್ತೀವಿ. ಒಂದೊಂದನ್ನೂ ಬಿಚ್ಚಿ, ತೊಳದು, ಮತ್ತೊಮ್ಮೆ ನೋಡ್ತೀವಿ."

"ಬರ್ತೀವಿ ಅಂದ್ರ? ಯಾರ್ಯಾರು?"

ಮುದಕಪ್ಪ ನಾಲ್ಕನೇ ಟೇಬಲ್ಲಿನ ಕುರ್ಚಿ ಎಳೆದು ಚಿತ್ರದ ಕೆಳಗೆ ಕೂತ. ಇನ್ನೊಂದು ಕುರ್ಚಿಯನ್ನು ಕಾಲಿನಿಂದ ಹೊರಗೆ ತಳ್ಳಿ ಮಗಳಿಗೆ ಕೂಡು ಎಂದು ಕಣ್ಣಲ್ಲೇ ಹೇಳಿದ. ಅವಳು ಕೂತ ಮೇಲೆ ಅರ್ಜುನನತ್ತ ತಿರುಗಿದ.

"ನಾನೂ, ನನ್ನ ಮಗಳೂ. ನನಗ ಸುಳಿ ಗೊತ್ತೈತಿ. ಆದ್ರ ಕಂಡಿದ್ದನ್ನ ಮಂದಿ ಮುಂದ ಇಡಾಕ ಅಂಜದಾಕಿ ಈಕಿ. ಇನ್ನ ಮ್ಯಾಲ ಎತ್ತು ನೋಡಾಕ ನನ್ನ ಕರದ್ರ ಇಬ್ಬರನ್ನೂ ಕರೀಬೇಕು."